ಹೊಗೆಯ ತೂಕ

ಹೊಗೆಗೂ ತೂಕವಿದೆ ಎಂದಾಗ
ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ನಕ್ಕಿದ್ದರು.
ನಾನಾಗ ಹೊಸಬಳು. ಬೋರ್ಡಿನ ಜೀಪು,
ಹೆಗಲಿಗೆ ಪಂಪು, ಡಬ್ಬಿಯಲ್ಲಿ
ಹೆಬ್ಬೆರಳುದ್ದದ ಬಿಳೀ ಕಾಗದದ ಗವಸು,
ಬೆಳಿಗ್ಗೆ ತೂಗಿ ಬರೆದಿಟ್ಟದ್ದು.

ಚಿಮಣಿಗೆ ಮೂವತ್ತೆಂಟು ಮೆಟ್ಟಿಲು, ಹನ್ನೊಂದನೆಯದು ಇಲ್ಲ.
"ಯಾಕೆ ಹತ್ತುತ್ತೀರಿ ಮೇಡಂ, ಚಹಾ ಕುಡಿದು
ಹೋದ ಸಲದ ಅಂಕಿಯನ್ನೇ ಬರೆದುಬಿಡಿ" ಎಂದರು
ಮಾಲೀಕ ಹಾಲೇಶಪ್ಪ, ತೀರ ಮರ್ಯಾದೆಯಿಂದ.
ಹತ್ತಿದೆ. ಮೇಲಿನಿಂದ
ನಾಲೆಯ ಒಂದು ತಿರುವು, ಮೈಸೂರಿನ ರೈಲು,
ಯಾರದೋ ಹಗ್ಗದ ಮೇಲೆ ಬಿಳಿಯಂಗಿಯೊಂದು
ಒಣಗುತ್ತ ಒಣಗುತ್ತ ಕಪ್ಪಾಗುತ್ತಿದ್ದದ್ದು.

ಗವಸು ಇಳಿಸಿ ತೂಗಿದೆ.
ಮಿತಿ ನೂರೈವತ್ತು. ಇದ್ದದ್ದು ಆರುನೂರ ನಲವತ್ತು.
ನೋಟಿಸಿನಲ್ಲಿ ಅಷ್ಟೇ.
ಹೇಗೆ ಇಳಿಸಬೇಕೆಂದು ಕಾಯಿದೆ ಹೇಳುವುದಿಲ್ಲ,
ಗೆರೆ ಎಳೆದು ಕೈಕಟ್ಟಿ ನಿಲ್ಲುತ್ತದೆ
ಕುಂಟೆಬಿಲ್ಲೆಯಲ್ಲಿ ಹಾರುವವರ
ಕಾಲನ್ನೇ ನೋಡುವ ಹುಡುಗಿಯ ಹಾಗೆ.

ಮೊದಲ ಆವಿಷ್ಕಾರ ಕಳ್ಳತನದ್ದು:
ಚಿಮಣಿಯ ಬುಡಕ್ಕೆ ತೂತು ಕೊರೆದು
ಒಳ್ಳೆಯ ಗಾಳಿ ಬೆರೆಸಿದರು, ಹಾಲಿಗೆ ನೀರಿನಂತೆ.
ನನ್ನ ಮೀಟರು ಆಮ್ಲಜನಕ ಎಣಿಸಿತು.
ಲೈನ್‌ಮನ್ ಬಂದು ಫ್ಯೂಸು ಕಿತ್ತ.
ಹತ್ತೊಂಬತ್ತು ದಿನ ಕುಲುಮೆ ತಣ್ಣಗಿತ್ತು.

ಆ ಹತ್ತೊಂಬತ್ತು ದಿನದಲ್ಲಿ ಫಿಟ್ಟರ್ ಸವರಿಮುತ್ತು
(ಅವನಪ್ಪ ಭದ್ರಾವತಿಯ ಕಬ್ಬಿಣಕ್ಕೆಂದು ಬಂದವನು,
ಇವನಿಗೆ ಎಣಿಕೆ ತಮಿಳಲ್ಲಿ, ಬೈಗುಳ ಕನ್ನಡದಲ್ಲಿ)
ಗುಜರಿಯಿಂದ ಎರಡು ಡೀಸೆಲ್ ಡ್ರಮ್ಮು,
ಬಚ್ಚಲ ಶವರಿನ ಆರು ತಲೆ,
ಮುಚ್ಚಿದ ಹಿಟ್ಟಿನ ಗಿರಣಿಯ ಫ್ಯಾನು ಹೊತ್ತು ತಂದ.
"ಹೊಗೆಗೆ ಸ್ನಾನ ಮಾಡಿಸ್ತೀನಿ" ಅಂದ.
ಮಾಡಿಸಿದ. ಇನ್ನೂರ ಹತ್ತು.
ಮಿಂದ ನೀರು ಕರ್ರಗೆ ಚರಂಡಿಗೆ ಇಳಿಯಿತು.
ಅದಕ್ಕೆ ಬೇರೆ ಕಾಯಿದೆ, ಬೇರೆ ನೋಟಿಸು,
ಅದನ್ನೂ ನಾನೇ ತಂದುಕೊಟ್ಟೆ.
ಅವತ್ತು ಅವನು ನನ್ನ ಮುಖ ನೋಡಲಿಲ್ಲ.

ನೀರಿಗೊಂದು ತೊಟ್ಟಿ ಕಟ್ಟಿದ. ತೊಟ್ಟಿಯಲ್ಲಿ ತಳಗೂಡಿ
ತಿಳಿನೀರು ಮತ್ತೆ ಶವರಿಗೆ.
ಒಮ್ಮೆ ಅದರಲ್ಲಿ ಕೈ ಅದ್ದಿ ಸುಟ್ಟುಕೊಂಡು
ಬೆರಳು ಚೀಪುತ್ತ ನಿಂತನಂತೆ:
ಈ ಬಿಸಿ ಪುಕ್ಕಟೆ ಹೋಗ್ತಿದೆಯಲ್ಲ?
ಕೊಳವೆಗೆ ಕೊಳವೆ ಹೊದಿಸಿ
ಕುಲುಮೆಗೆ ಊದುವ ಗಾಳಿಯನ್ನು
ಹೊಗೆಯ ಮಗ್ಗುಲಲ್ಲೇ ನಡೆಸಿ ಕಾಯಿಸಿದ.
ನೂರು ಕೇಜಿ ಕಬ್ಬಿಣಕ್ಕೆ ಹದಿನೆಂಟಿದ್ದ ಕೋಕು
ಹದಿಮೂರಕ್ಕೆ ಬಂತು.
ಯಾವ ಕಾಯಿದೆಯೂ ಅದನ್ನು ಕೇಳಿರಲಿಲ್ಲ.
ಹಾಲೇಶಪ್ಪ ಈಗ ಬಂದವರಿಗೆಲ್ಲ ತೋರಿಸುತ್ತಾರೆ:
"ನಮ್ಮದೇ ಐಡಿಯಾ. ಬೋರ್ಡಿನದು ಬರೀ ಕಾಟ."

ಪಕ್ಕದ ಶೆಡ್ಡಿಗೂ ನನ್ನದೇ ಸಹಿಯ ನೋಟಿಸು ಹೋಗಿತ್ತು.
ಅಲ್ಲಿ ಸವರಿಮುತ್ತು ಇರಲಿಲ್ಲ.
ಹದಿನಾಲ್ಕು ಜನ. ಬೀಗಕ್ಕೆ ತುಕ್ಕು.
ಗೆರೆ ಹಾರಲಾಗದೆ ಉಳಿದವರಿಗೆ
ನನ್ನ ಫಾರಮ್ಮಿನಲ್ಲಿ ಅಂಕಣವಿಲ್ಲ.

ಕುಲುಮೆಯ ಯಲ್ಲೋಜಿ ಯಾರ ಪಕ್ಷವೂ ಅಲ್ಲ.
ಮೂವತ್ತು ವರ್ಷ ಹೊಗೆಯ ಬಣ್ಣ ನೋಡಿಯೇ
ಕಬ್ಬಿಣದ ಹದ ಹೇಳಿದವನು.
ಈಗ ಗೋಡೆಯ ಮೇಲೆ ಕೆಂಪಂಕಿ ಮಿನುಗುತ್ತದೆ,
ಓದಲು ಐಟಿಐ ಹುಡುಗ.
"ಹೊಗೆ ನನ್ ಜೊತೆ ಮಾತಾಡ್ತಿತ್ತು ಮೇಡಂ,
ನೀವು ಅದರ ಬಾಯಿ ಕಟ್ಟಿದ್ರಿ"
ಎಂದು ಕೆಮ್ಮಿದ.
ಕೆಮ್ಮು ಮುಗಿಯುವವರೆಗೆ ಇಬ್ಬರೂ ಕಾದೆವು.

ನಿನ್ನೆ ಮತ್ತೆ ಹತ್ತಿದೆ. ಹನ್ನೊಂದನೆಯ ಮೆಟ್ಟಿಲು ಬಂದಿದೆ,
ವೆಲ್ಡಿಂಗ್ ಇನ್ನೂ ಹೊಸದು, ಯಾರೂ ಅದರ ಸುದ್ದಿ ಎತ್ತಲಿಲ್ಲ.
ತೊಂಬತ್ತಾರು.
ಕೆಳಗೆ ಸವರಿಮುತ್ತು: "ಮುಂದಿನ ವರ್ಷ ಮಿತಿ ಎಷ್ಟಂತೆ?"
ಗೊತ್ತಿಲ್ಲ ಎಂದೆ.
ಆಗಲೇ ಅವನು ಡ್ರಮ್ಮಿಗೆ ಕಿವಿಯಿಟ್ಟು
ಗೆಣ್ಣಿನಿಂದ ತಟ್ಟಿ ತಟ್ಟಿ ನೋಡುತ್ತಿದ್ದ,
ಹಲಸು ಹಣ್ಣಾಗಿದೆಯೋ ಇಲ್ಲವೋ ಎಂದು
ತಟ್ಟುವವರ ಹಾಗೆ.